ದಡ ಕಾಣುವಷ್ಟು ದೂರ: ಕಡಲಲ್ಲಿ ಅರ್ಧ ದಿನ, ಕೈಯಲ್ಲೊಂದು ಗಾಳ

ಬಳ್ಳಾರಿಯ ಕಂಟೋನ್ಮೆಂಟ್ ಪ್ರದೇಶದ ಮಕ್ಕಳಿಗೆ ನೀರೆಂದರೆ ತುಂಗಭದ್ರೆ. ಬೇಸಿಗೆ ಬಂತೆಂದರೆ ಕಾದ ಹಂಚಿನಂತಾಗುವ ಊರಿಗೆ ಕುಡಿಯುವ ನೀರು ಕೊಡುವವಳು ಅವಳು. ಸಿರುಗುಪ್ಪದ ಭತ್ತದ ಗದ್ದೆಗಳನ್ನು ಹಸಿರಾಗಿಡುವವಳೂ ಅವಳೇ. ಪೇಟೆಗೆ ಬರುವ ಕಾಟ್ಲಾ, ರೋಹು ಮೀನುಗಳಲ್ಲೂ ಅವಳ ಪಾಲುಂಟು. ಕಡಲು ಮಾತ್ರ ಭೂಪಟದ ಎಡಬದಿಯ ನೀಲಿ ಬಣ್ಣ, ಅಷ್ಟೇ.

ಹಾಗೆಂದು ಈ ಊರಿಗೂ ಕಡಲಿಗೂ ನಂಟೇ ಇಲ್ಲವೆಂದಲ್ಲ. ಹಿಂದೆ 63ನೇ ರಾಷ್ಟ್ರೀಯ ಹೆದ್ದಾರಿ ಎಂದು ಹೆಸರಿದ್ದ ರಸ್ತೆ ಅಂಕೋಲಾದಲ್ಲಿ ಹೊರಟು, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆಗಳನ್ನು ದಾಟಿ ಬಳ್ಳಾರಿಗೆ ಬಂದು, ಆಂಧ್ರದ ಗುತ್ತಿಯ ಕಡೆಗೆ ಹೋಗುತ್ತಿತ್ತು. ರಸ್ತೆಯ ಸಂಖ್ಯೆ ಬದಲಾಗಿದೆ, ದಾರಿ ಅದೇ ಇದೆ. ದೊಡ್ಡವರಿಗೆ ಆ ದಾರಿ ನೆನಪಾಗುವುದು ಅದಿರಿನ ಲಾರಿಗಳಿಂದ. ಇಲ್ಲಿನ ಕೆಂಪು ಮಣ್ಣು ಅಂಕೋಲಾ ಬಳಿಯ ಬೇಲೆಕೇರಿ ಬಂದರು ಸೇರಿದ್ದು, 2010ರಲ್ಲಿ ಅಲ್ಲಿ ಅಕ್ರಮ ಅದಿರು ಸಾಗಣೆ ಬಯಲಾದದ್ದು ಎಲ್ಲರೂ ಬಲ್ಲ ಕತೆ. ಸುಮಾರು 350 ಕಿ.ಮೀ. ಉದ್ದದ ಅದೇ ದಾರಿಯನ್ನು ಶಾಲೆಯ ಮಕ್ಕಳು ಬೇರೊಂದು ಕಾರಣಕ್ಕೆ ನೆನಪಿಟ್ಟುಕೊಳ್ಳುವಂತಾದರೆ?

ಅಂಥದೊಂದು ಕಾರಣ ಕರಾವಳಿಯಲ್ಲಿದೆ. ಕಾರವಾರದಿಂದ ಮಲ್ಪೆಯವರೆಗೆ, ಕಡಲನ್ನು ಬಲ್ಲ ದೋಣಿಯವರು ಪ್ರವಾಸಿಗರನ್ನು ದಡದ ಸಮೀಪದ ನೀರಿಗೆ ಕರೆದೊಯ್ದು ಗಾಳ ಹಾಕುವುದನ್ನು ತೋರಿಸಿಕೊಡುವುದುಂಟು. ಬೆಳಗಿನಲ್ಲಿ ಹೊರಟರೆ ಊಟದ ಹೊತ್ತಿಗೆ ವಾಪಸು. ಡಾಲ್ಫಿನ್ ನೋಡಲು, ದ್ವೀಪ ಸುತ್ತಲು ಹೋಗುವವರ ನಡುವೆ ಈ ಅರ್ಧ ದಿನದ ಮೀನುಗಾರಿಕೆಗೆ ಹೋಗುವವರು ಕಡಿಮೆ. ಆದರೆ ವಿಜ್ಞಾನದ ಪುಸ್ತಕದಲ್ಲಿ ಹತ್ತು ಅಧ್ಯಾಯಗಳಲ್ಲಿ ಹರಡಿರುವ ಸಂಗತಿಗಳು ಆ ಆರು ಗಂಟೆಯಲ್ಲಿ ಕೈಗೆ ಸಿಗುತ್ತವೆ.

ಒಂದು ಇಳಿತದ ಲೆಕ್ಕ

ಅರ್ಧ ದಿನ ಎಂಬುದು ಪ್ರವಾಸಿಗರ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕ ಎಂದುಕೊಂಡರೆ ತಪ್ಪು. ಅದು ಕಡಲಿನದೇ ಅಳತೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನೀರು ತುಂಬಿ ನಿಂತ ಗಳಿಗೆಯಿಂದ ಪೂರಾ ಇಳಿಯುವವರೆಗೆ ಸುಮಾರು ಆರು ಗಂಟೆ. ಹರಿಯುವ ನೀರು ಆಹಾರವನ್ನು ಹೊತ್ತು ತರುತ್ತದೆ, ಆಹಾರದ ಹಿಂದೆ ಮೀನು ಬರುತ್ತದೆ. ನೀರು ನಿಂತಾಗ ಗಾಳವೂ ಸುಮ್ಮನಿರುತ್ತದೆ.

ಇದನ್ನು ತಿಳಿಯಲು ಹಳೆಯ ತಲೆಮಾರಿನ ಮೀನುಗಾರರು ಗಡಿಯಾರ ನೋಡುತ್ತಿರಲಿಲ್ಲ, ತಿಥಿ ನೋಡುತ್ತಿದ್ದರು. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರರ ಸೆಳೆತ ಒಟ್ಟಾಗಿ ಉಬ್ಬರ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಸಪ್ಪೆ. ಚಂದ್ರನು ದಿನಕ್ಕೆ ಸರಿಸುಮಾರು ಹನ್ನೆರಡು ಡಿಗ್ರಿ ಹಿಂದೆ ಬೀಳುವುದರಿಂದ ಉಬ್ಬರವೂ ದಿನದಿನಕ್ಕೆ ಸುಮಾರು 48 ನಿಮಿಷ ತಡವಾಗುತ್ತದೆ. ಪಂಚಾಂಗದ ಭಾಷೆಯಲ್ಲಿ ಹೇಳುವುದಾದರೆ ತಿಥಿಗೆ ಎರಡು ಘಳಿಗೆ! ಇವತ್ತಿನ ಉಬ್ಬರ ಗೊತ್ತಿದ್ದರೆ ಮುಂದಿನ ವಾರದ ಉಬ್ಬರವನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ಏಳನೆಯ ತರಗತಿಯ ಹುಡುಗಿಯೂ ಈ ಲೆಕ್ಕ ಮಾಡಬಲ್ಲಳು. ದೋಣಿ ಹತ್ತುವ ಮೊದಲೇ ಮಾಡಿ ನೋಡಿದರೆ ಇನ್ನೂ ಚೆನ್ನ.

ಬೆಳಗಿನಲ್ಲೇ ಹೊರಡಲು ಇನ್ನೊಂದು ಕಾರಣ ಗಾಳಿ. ನೆಲ ಬೇಗ ಕಾದು ಬೇಗ ತಣಿಯುತ್ತದೆ, ನೀರು ಎರಡರಲ್ಲೂ ನಿಧಾನಿ. ರಾತ್ರಿಯಿಡೀ ತಣಿದ ನೆಲದಿಂದ ಕಡಲಿನತ್ತ ಬೀಸುವ ಮೆಲುಗಾಳಿಯಲ್ಲಿ ಮುಂಜಾನೆಯ ನೀರು ತಟ್ಟೆಯಂತಿರುತ್ತದೆ. ಮಧ್ಯಾಹ್ನಕ್ಕೆ ನೆಲ ಕಾದು ಮೇಲಿನ ಗಾಳಿ ಹಗುರಾಗಿ ಏರಿದಾಗ, ಕಡಲಿನಿಂದ ಗಾಳಿ ನುಗ್ಗಿ ಬರುತ್ತದೆ, ಅಲೆ ಏಳುತ್ತದೆ. ಅಷ್ಟರೊಳಗೆ ಸಣ್ಣ ದೋಣಿಗಳು ದಡ ಸೇರಿರಬೇಕು. ಬಳ್ಳಾರಿಯ ಗುಡ್ಡದ ಬಂಡೆ ಮಧ್ಯಾಹ್ನ ಸುಡುವುದನ್ನೂ ನಸುಕಿನಲ್ಲಿ ತಣ್ಣಗಿರುವುದನ್ನೂ ಕಂಡ ಮಕ್ಕಳಿಗೆ ಇದು ಅರ್ಥವಾಗಲು ತಡವಾಗದು.

ದಡದಂಚಿನ ತೊಟ್ಟಿಲು

ಈ ಪ್ರವಾಸದ ದೋಣಿಗಳು ದೂರದ ಆಳಕ್ಕೆ ಹೋಗುವುದಿಲ್ಲ. ದಡದ ತೆಂಗಿನ ಸಾಲು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ನದಿಯ ಅಳಿವೆ, ಕಲ್ಲುಬಂಡೆಗಳ ಬುಡ, ಹತ್ತು ಹದಿನೈದು ಮೀಟರಿನೊಳಗಿನ ನೀರು, ಇಷ್ಟೇ ಅವುಗಳ ಸೀಮೆ. ಆಳವನ್ನು ‘ಮಾರು’ ಲೆಕ್ಕದಲ್ಲಿ ಹೇಳುವ ಪದ್ಧತಿಯೂ ಉಂಟು. ಎರಡೂ ಕೈ ಚಾಚಿದಷ್ಟು ಉದ್ದ ಒಂದು ಮಾರು.

ಇಷ್ಟು ಹತ್ತಿರದಲ್ಲಿ ಏನಿರುತ್ತದೆ ಎಂದು ಕೇಳಬಹುದು. ಕಡಲಿನ ತೊಟ್ಟಿಲೇ ಇರುವುದು ಇಲ್ಲಿ. ಉತ್ತರ ಕನ್ನಡದ ಅಘನಾಶಿನಿಯನ್ನೇ ನೋಡಿ. ಶಿರಸಿ ಕಡೆಯಿಂದ ಹರಿದು ಬಂದು ಕುಮಟಾ ತಾಲ್ಲೂಕಿನ ತದಡಿ ಬಳಿ ಕಡಲು ಸೇರುವ ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು, ಕಡಲಿನ ಉಪ್ಪುನೀರು ಕೂಡುವ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರಿನ ಜಾಲವಿದೆ, ಚಿಪ್ಪಿನ ಬಳಚು ಇದೆ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತದ ಗಜನಿ ಗದ್ದೆಗಳಿವೆ. ಕೆಲವು ಜಾತಿಯ ಸಿಗಡಿಗಳು ಕಡಲಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಉಬ್ಬರದೊಂದಿಗೆ ಅಳಿವೆಗೆ ಬಂದು, ಬೇರುಗಳ ನಡುವೆ ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಅವನ್ನು ತಿನ್ನಲು ಮೀನು ಬರುತ್ತದೆ, ಮೀನನ್ನು ತಿನ್ನಲು ಹಕ್ಕಿ.

ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಅದೇ ದಿನ ಅದರ ಜೊತೆಗೆ ಪಟ್ಟಿ ಸೇರಿದ ಇನ್ನೊಂದು ತಾಣ ಯಾವುದು ಗೊತ್ತೇ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಪಕ್ಷಿಧಾಮ! 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಅದು ಬಳ್ಳಾರಿ ಜಿಲ್ಲೆಯದೇ ಕೆರೆ. ಹೆಸರಿನಲ್ಲಿ ಮಾತ್ರ ಸಮುದ್ರವಿದ್ದ ಬಯಲುಸೀಮೆಯ ಕೆರೆಯೂ ನಿಜವಾದ ಸಮುದ್ರದ ಬಾಗಿಲೂ ಹೀಗೆ ಒಟ್ಟಿಗೆ ಗೌರವ ಪಡೆದವು.

ಗಾಳ ಮಾತಾಡುವ ಬಗೆ

ದೋಣಿಯಲ್ಲಿ ಮಕ್ಕಳ ಕೈಗೆ ಕೊಡುವ ಸಲಕರಣೆ ತೀರ ಸರಳವಾದದ್ದು. ಕರಾವಳಿಯವರು ‘ತಂಗೂಸಿ’ ಎನ್ನುವ ನೈಲಾನ್ ದಾರ, ತುದಿಗೊಂದು ಸೀಸದ ಗುಂಡು, ಒಂದೆರಡು ಗಾಳ, ಎರೆಯಾಗಿ ಸಿಗಡಿಯ ಚೂರೋ ಬೊಂಡಾಸಿನ ತುಂಡೋ. ರಾಟೆಯಿರುವ ಕೋಲು ಕೆಲವರ ಬಳಿ ಇರುತ್ತದೆ. ಕಲಿಯುವವರಿಗೆ ಬರಿಗೈಯ ದಾರವೇ ಒಳ್ಳೆಯ ಗುರು. ಏಕೆಂದರೆ ನೀರಿನ ಕೆಳಗೆ ನಡೆಯುವುದೆಲ್ಲ ತೋರುಬೆರಳಿಗೆ ತಿಳಿಯುತ್ತದೆ. ಗುಂಡು ಮರಳಿಗೆ ತಾಗಿದರೆ ಮೆತ್ತಗಿನ ಸದ್ದಿಲ್ಲದ ತಡೆ, ಕಲ್ಲಿಗೆ ತಾಗಿದರೆ ಕಟಕ್ಕೆಂಬ ನಡುಕ. ಸಣ್ಣ ಮೀನು ಕುಟುಕುವುದು ಬೇರೆ, ದೊಡ್ಡದು ಎಳೆಯುವುದು ಬೇರೆ. ‘ತಮಾ, ಗಡಬಡೆ ಮಾಡಬೇಡ, ಮೊದ್ಲು ದಾರ ಏನು ಹೇಳ್ತದೆ ಕೇಳು’ ಎಂಬ ಧಾಟಿಯ ಮಾತು ದೋಣಿಯಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಐದು ನಿಮಿಷ ಒಂದೆಡೆ ಕೂರಲಾರದ ಮಕ್ಕಳು ಅರ್ಧ ಗಂಟೆ ಬೆರಳಿನ ತುದಿಯಲ್ಲಿ ಬದುಕುವುದನ್ನು ನೋಡಿ ತಾಯಂದಿರೇ ಬೆರಗಾದರೆ ಅಚ್ಚರಿಯಿಲ್ಲ.

ಮರಳು ತಳದಲ್ಲಿ ಕಾಣೆ, ಕೆಸರು ತಳದಲ್ಲಿ ಕೊಡ್ಡಾಯಿ, ಕಲ್ಲಿನ ಸಂದಿಯಲ್ಲಿ ಮುರು ಮತ್ತು ಕೆಂಬೇರಿ, ಮೇಲ್ನೀರಿನಲ್ಲಿ ಹಿಂಡು ಹಿಂಡಾಗಿ ಬಂಗುಡೆ. ಒಂದೊಂದು ಮೀನೂ ಒಂದೊಂದು ಪಾಠ. ಕೊಡ್ಡಾಯಿಯ ತಲೆಯೊಳಗೆ ಎರಡು ಬಿಳಿ ಕಲ್ಲುಗಳಿರುತ್ತವೆ. ಅವು ಅದರ ಕಿವಿಗಲ್ಲುಗಳು, ಮೀನು ಸಮತೋಲ ಕಾಯ್ದುಕೊಳ್ಳುವುದು, ಸದ್ದು ತಿಳಿಯುವುದು ಅವುಗಳ ನೆರವಿನಿಂದ. ಮರದ ಉಂಗುರದಂತೆ ಕಿವಿಗಲ್ಲಿನ ಗೆರೆ ಎಣಿಸಿ ವಿಜ್ಞಾನಿಗಳು ಮೀನಿನ ವಯಸ್ಸು ಹೇಳುತ್ತಾರೆ.

ಅಳಿವೆಯ ರಾಜನೆನಿಸಿದ ಸೀಬಾಸ್, ಕಾರವಾರ ಗೋವೆಯ ಕಡೆ ಚೋಣಕ್ ಎನಿಸಿಕೊಳ್ಳುವ ಮೀನು, ಇನ್ನೂ ಸೋಜಿಗದ್ದು. ಅದು ಗಂಡಾಗಿ ಪ್ರಾಯಕ್ಕೆ ಬಂದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮುರು ಜಾತಿಯ ಹಲವು ಮೀನುಗಳಲ್ಲಿ ಇದು ತಿರುಗುಮುರುಗು: ಮೊದಲು ಹೆಣ್ಣು, ಆಮೇಲೆ ಗಂಡು. ದೊಡ್ಡ ಸೀಬಾಸ್‌ಗಳನ್ನೆಲ್ಲ ಹಿಡಿದು ಮುಗಿಸಿದರೆ ತಾಯಂದಿರೇ ಇಲ್ಲ. ಸಣ್ಣವನ್ನೆಲ್ಲ ಹಿಡಿದರೆ ತಾಯಿಯಾಗುವವರೇ ಇಲ್ಲ. ಹಾಗಾದರೆ ಯಾವುದನ್ನು ಹಿಡಿಯಬೇಕು? ಈ ಪ್ರಶ್ನೆ ಮಗುವಿನ ಬಾಯಲ್ಲಿ ಬಂದರೆ ಪ್ರವಾಸಕ್ಕೆ ಕೊಟ್ಟ ಹಣ ಸಾರ್ಥಕ.

ಅಳತೆಪಟ್ಟಿಯ ಮಹಿಮೆ

ಪಾಟಿಚೀಲದಲ್ಲಿರುವ ಮೂವತ್ತು ಸೆಂಟಿಮೀಟರಿನ ಅಳತೆಪಟ್ಟಿಯನ್ನು ಈ ಪ್ರವಾಸಕ್ಕೆ ಮರೆಯದೆ ಒಯ್ಯಬೇಕು. ನೆರೆಯ ಕೇರಳ 2015ರಲ್ಲಿ ಮರಿಮೀನುಗಳ ಬೇಟೆಗೆ ಕಡಿವಾಣ ಹಾಕಲು ಜಾತಿಜಾತಿಗೆ ಕನಿಷ್ಠ ಅಳತೆ ಗೊತ್ತು ಮಾಡಿತು. ಮೊದಲು 14 ಜಾತಿಗಳಿಗಿದ್ದ ನಿಯಮ 2017ರಲ್ಲಿ 58 ಜಾತಿಗಳಿಗೆ ವಿಸ್ತರಿಸಿತು. ಅದರಂತೆ ಬಂಗುಡೆ 14 ಸೆಂ.ಮೀ., ತಾರಲೆ ಅಥವಾ ಬೂತಾಯಿ 10 ಸೆಂ.ಮೀ. ಇರಲೇಬೇಕು. ಅದಕ್ಕಿಂತ ಚಿಕ್ಕದು ಕಡಲಿನ ಸ್ವತ್ತು.

ಇದು ಬರಿಯ ಕಾಗದದ ನಿಯಮವಲ್ಲ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಬಂದಿದ್ದ ತಾರಲೆ ಮೀನು 2021ರಲ್ಲಿ 3,297 ಟನ್ನಿಗೆ ಕುಸಿಯಿತು. ನೂರು ಬುಟ್ಟಿ ಇದ್ದಲ್ಲಿ ಒಂದು ಬುಟ್ಟಿಯೂ ಇಲ್ಲ! ಕಡಲ ತಾಪದ ಏರುಪೇರು, ಮರಿಗಳ ಅತಿ ಬೇಟೆ ಎರಡನ್ನೂ ವಿಜ್ಞಾನಿಗಳು ಕಾರಣವಾಗಿ ಹೇಳಿದ್ದಾರೆ. 2023ರ ಹೊತ್ತಿಗೆ ಅದು ಮತ್ತೆ ಲಕ್ಷ ಟನ್ ದಾಟಿತೆಂಬುದು ಸಮಾಧಾನದ ಸಂಗತಿ. ಕಡಲು ಕ್ಷಮಿಸುತ್ತದೆ, ಸಮಯ ಕೊಟ್ಟರೆ.

ಬಳ್ಳಾರಿಯ ಮಕ್ಕಳು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಸುಮಾರು 378 ಚದರ ಕಿ.ಮೀ. ಹರವಿನ ತುಂಗಭದ್ರಾ ಜಲಾಶಯದಂಥ ಕಡೆ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ಮೀನುಮರಿಗಳನ್ನು ಬಿತ್ತನೆ ಮಾಡಬಹುದು. ಹೋದದ್ದನ್ನು ಮನುಷ್ಯನೇ ತುಂಬಬಹುದು. ಅರಬ್ಬಿ ಸಮುದ್ರದ ಬಂಗುಡೆ, ತಾರಲೆಗಳಿಗೆ ಹಾಗೆ ಬಿತ್ತನೆ ಮಾಡುವವರಿಲ್ಲ. ಅಲ್ಲಿ ಬಿತ್ತನೆ ಎಂದರೆ ಹಿಡಿಯದೆ ಬಿಟ್ಟ ಮೀನೇ.

ಬಿಡುವುದಕ್ಕೂ ಕ್ರಮವಿದೆ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಉದುರುತ್ತದೆ. ಸೋಂಕಿನಿಂದ ಅದನ್ನು ಕಾಯುವುದು ಆ ಲೋಳೆಯೇ. ಆದ್ದರಿಂದ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿದ್ದರೆ ಬಿಡಿಸುವುದು ಸುಲಭ. ಅಳೆಯುವುದು, ಫೋಟೊ ತೆಗೆಯುವುದು ಎಲ್ಲ ಅರೆ ನಿಮಿಷದಲ್ಲಿ ಮುಗಿಯಬೇಕು. ಎಸೆಯಬಾರದು, ನೀರಿಗೆ ಇಳಿಸಿ ಬಿಡಬೇಕು. ಮೀನು ತಿನ್ನದ ಮನೆಯ ಮಕ್ಕಳೂ ಹೀಗಾದರೆ ಧಾರಾಳವಾಗಿ ಬರಬಹುದು.

ರಂಪಣಿಯ ಕಾಲ, ಯಂತ್ರದ ಕಾಲ

ಒಂದು ಮಗು ಬಿಟ್ಟ ಒಂದು ಬಂಗುಡೆಯಿಂದ ಕಡಲು ತುಂಬೀತೆ ಎಂದು ಯಾರಾದರೂ ನಕ್ಕರೆ ಅದರಲ್ಲಿ ನ್ಯಾಯವಿದೆ. ಕಡಲನ್ನು ಬರಿದು ಮಾಡುವುದು ಗಾಳವಲ್ಲ. ಅದನ್ನು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು.

ಕರ್ನಾಟಕದ ಕರಾವಳಿಯಲ್ಲಿ ಒಂದು ಕಾಲಕ್ಕೆ ರಂಪಣಿಯದೇ ದರ್ಬಾರು. ಕಿಲೋಮೀಟರಿಗೂ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡೂ ತುದಿಗಳನ್ನು ದಡದಲ್ಲಿ ನಿಂತ ಜನ ಎಳೆಯುತ್ತಿದ್ದರು. ಊರಿನ ಎಂಬತ್ತು ನೂರು ಜನರ ಕೈ, ಎಲ್ಲರಿಗೂ ಪಾಲು. ಮೀನು ದಡಕ್ಕೆ ಬಂದರಷ್ಟೇ ಬೇಟೆ. 1970ರ ದಶಕದ ನಡುವಿನಲ್ಲಿ ಯಂತ್ರದೋಣಿಯ ಪರ್ಸೀನ್ ಬಲೆ ಬಂತು. ಅದು ಮೀನಿದ್ದಲ್ಲಿಗೇ ಹೋಗಿ ಹಿಂಡನ್ನು ಸುತ್ತುಗಟ್ಟಿ ಚೀಲದಂತೆ ಬಿಗಿಯುತ್ತದೆ. ರಂಪಣಿಯವರು ಪ್ರತಿಭಟಿಸಿದರು, ಘರ್ಷಣೆಗಳಾದವು. ಕೊನೆಗೆ ರಂಪಣಿ ಹಿಂದೆ ಸರಿಯಿತು. ಇಂದು ಉಳಿದಿರುವುದು ಹೆಚ್ಚಾಗಿ ಅದರ ಕಿರಿಯ ರೂಪವಾದ ಕೈರಂಪಣಿ. ರಾಜ್ಯದ ಕಡಲ ಮೀನುಗಾರಿಕೆ ನಿಯಂತ್ರಣ ಕಾನೂನು ಬಂದದ್ದು 1986ರಲ್ಲಿ. ಕಣ್ಣು ಕೋರೈಸುವ ದೀಪ ಹಾಕಿ ಮೀನು ಸೆಳೆಯುವುದನ್ನೂ ಜೋಡಿದೋಣಿಗಳ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ನಿಷೇಧದ ಪಾಲನೆಯ ಬಗ್ಗೆ ನಾಡದೋಣಿಯವರ ದೂರು ಮಾತ್ರ ನಿಂತಿಲ್ಲ.

ಇದನ್ನೆಲ್ಲ ಪ್ರವಾಸಿ ಮಗುವಿಗೆ ಯಾರು ಹೇಳಬೇಕು? ದೋಣಿಯವರೇ ಹೇಳಬಲ್ಲರು. ಹರಿಕಂತ್ರ, ಖಾರ್ವಿ, ಅಂಬಿಗ, ಮೊಗೇರ, ಗಾಬಿತ, ಮೊಗವೀರ ಮೊದಲಾದ ಸಮುದಾಯಗಳ ಹಿರಿಯರ ನೆನಪಿನಲ್ಲಿ ಈ ಚರಿತ್ರೆಯಿದೆ. ಅವರನ್ನು ಬರಿಯ ದೋಣಿ ನಡೆಸುವವರೆಂದು ಕಾಣದೆ ಮೇಷ್ಟ್ರೆಂದು ಕಂಡು, ಅಣ್ಣಾ, ಅಜ್ಜಾ ಎಂದು ಕರೆದು ಕೇಳಿದರೆ ಕತೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಂದು ಎಚ್ಚರ: ಬಿಡುವ ಪಾಠವನ್ನು ಮೀನುಗಾರನಿಗೇ ಉಪದೇಶ ಮಾಡಲು ಹೋಗಬಾರದು. ಮಕ್ಕಳಿಗೆ ಆಟವಾದದ್ದು ಅವರಿಗೆ ಅಂದಿನ ಅನ್ನ. ಪಾಠ ನೆನಪಾಗಬೇಕಾದದ್ದು ಊರಿನ ಮೀನುಪೇಟೆಯಲ್ಲಿ, ಬೆರಳುದ್ದದ ಮರಿಮೀನಿನ ರಾಶಿಯ ಮುಂದೆ. ಕೊಳ್ಳುವವರು ಬೇಡವೆಂದರೆ ಬಲೆಯ ಕಣ್ಣು ತಾನಾಗಿ ಅಗಲವಾಗುತ್ತದೆ.

ಪಾಲಕರ ಪ್ರಶ್ನೆ

‘ಎಲ್ಲ ಸರಿ, ಮಗುವನ್ನು ದೋಣಿಯಲ್ಲಿ ಕಳಿಸುವುದು ಹೇಗೆ?’ ಪಾಲಕರ ಈ ಅಳುಕು ಸಹಜ. ಈಜು ಬಾರದ ಮಕ್ಕಳು ಬಯಲುಸೀಮೆಯಲ್ಲಿ ಹೆಚ್ಚು. ಕೆಲವು ಮಾತುಗಳಲ್ಲಿ ರಾಜಿ ಕೂಡದು.

ಮೊದಲನೆಯದು ಕಾಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧ. ಹಲವು ಮೀನುಗಳು ಮೊಟ್ಟೆಯಿಡುವ ಕಾಲ ಅದು. ನಾಡದೋಣಿಗಳಿಗೆ ವಿನಾಯಿತಿ ಇದ್ದರೂ ಮಳೆಗಾಲದಲ್ಲಿ ಪ್ರವಾಸಿಗರು ಕಡಲಿಗಿಳಿಯುವ ಮಾತೇ ಬೇಡ. ನವೆಂಬರಿನಿಂದ ಮಾರ್ಚ್ ತನಕ ಕಡಲು ಶಾಂತ.

ಎರಡನೆಯದು ಲೈಫ್ ಜಾಕೆಟ್. ಮಗುವಿನ ಅಳತೆಯದು ಇರಬೇಕು, ದೋಣಿ ಹತ್ತುವ ಮೊದಲೇ ಕಟ್ಟಿರಬೇಕು. ಬೆನ್ನ ಹಿಂದೆ ಇಟ್ಟ ಜಾಕೆಟ್ ಇಲ್ಲದ್ದಕ್ಕೆ ಸಮ. ದೊಡ್ಡವರಿಗೂ ಇದೇ ನಿಯಮ. ಜಾಕೆಟ್ ಇಲ್ಲದ ದೋಣಿ, ಹಿಡಿಸುವಷ್ಟಕ್ಕಿಂತ ಹೆಚ್ಚು ಜನ ಹತ್ತಿದ ದೋಣಿ ಎಷ್ಟು ಅಗ್ಗವಾದರೂ ಬೇಡ.

ಮೂರನೆಯದು ಹವೆ. ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ, ಅಂದರೆ ಇನ್‌ಕಾಯ್ಸ್, ಅಲೆಯ ಎತ್ತರದ ಮುನ್ಸೂಚನೆ ನೀಡುತ್ತದೆ. ಅಲ್ಲಿ ಎಚ್ಚರಿಕೆ ಇದ್ದರೆ, ಅಥವಾ ದೋಣಿಯವರೇ ‘ಇವತ್ತು ಬೇಡ’ ಎಂದರೆ, ಮುಂಗಡ ಕೊಟ್ಟಿದ್ದೇವೆಂದು ಹಟ ಮಾಡಬಾರದು. ಅಳಿವೆಯ ಬಾಯಲ್ಲಿ ಮರಳುದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅನುಭವಿಗಳೂ ಅಂಜುವ ಜಾಗ ಅದು. ಆಪತ್ತಿಗೆ ಕೋಸ್ಟ್ ಗಾರ್ಡಿನ 1554, ಕರಾವಳಿ ಕಾವಲು ಪೊಲೀಸರ 1093 ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ಇನ್ನು ಚಿಕ್ಕ ಚಿಕ್ಕ ಮಾತುಗಳು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆತಿಂಡಿಯೂ ಬೇಡ. ತಲೆಸುತ್ತು ಬಂದರೆ ದೂರದ ದಿಗಂತ ನೋಡುತ್ತ ಕೂರುವುದು ಮದ್ದು. ಟೋಪಿ, ತುಂಬುತೋಳಿನ ಅಂಗಿ, ಕುಡಿಯುವ ನೀರು ಮರೆಯಬಾರದು. ಸುತ್ತಲೂ ನೀರೇ ಇದ್ದರೂ ಬಾಯಾರಿಕೆ ಬಳ್ಳಾರಿಯದೇ! ತೊರಕೆಯ ಬಾಲದ ಮುಳ್ಳಿನಲ್ಲಿ ವಿಷವಿದೆ. ಮೀಸೆಯ ಮೀನಿನ ಈಜುರೆಕ್ಕೆಯ ಮುಳ್ಳೂ ಕೆಟ್ಟದ್ದು. ಚೆಂಡಿನಂತೆ ಉಬ್ಬುವ ಮೀನನ್ನು ತಿನ್ನಲೇಬಾರದು. ಗುರುತಿಲ್ಲದ ಮೀನನ್ನು ದೋಣಿಯವರೇ ಗಾಳದಿಂದ ಬಿಡಿಸಲಿ. ತುಂಡಾದ ತಂಗೂಸಿಯನ್ನು ಕಡಲಿಗೆ ಎಸೆಯದೆ ವಾಪಸು ತರಬೇಕು. ಆಮೆಯ ಕುತ್ತಿಗೆಗೆ ಅದು ನೇಣಾಗುತ್ತದೆ.

ದಡ ಸೇರಿದ ಮೇಲೆ

ಅರ್ಧ ದಿನದಲ್ಲಿ ಬುಟ್ಟಿ ತುಂಬುತ್ತದೆಂದು ಯಾರೂ ಮಾತು ಕೊಡಲಾರರು. ಕೆಲವೊಮ್ಮೆ ಒಂದೂ ಸಿಗುವುದಿಲ್ಲ. ಅದೂ ಪಾಠವೇ. ಅಂಕ, ರ‍್ಯಾಂಕು ಎಂದು ಪ್ರತಿ ಶ್ರಮಕ್ಕೂ ಫಲ ಎಣಿಸುವ ಮಕ್ಕಳಿಗೆ, ಶ್ರದ್ಧೆಯಿಂದ ಕೂತೂ ಬರಿಗೈಯಲ್ಲಿ ಏಳಬಹುದೆಂದು ನಗುತ್ತ ಕಲಿಸುವ ಶಾಲೆ ಬೇರೆ ಸಿಗುವುದು ಕಷ್ಟ.

ಕೆಲವರಿಗೆ ಈ ಗುಂಗು ಅಲ್ಲಿಗೇ ನಿಲ್ಲದಿರಬಹುದು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಆರಂಭವಾದದ್ದು ನಮ್ಮದೇ ಮಂಗಳೂರಿನಲ್ಲಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರು ಸಿಇಟಿ ಮೂಲಕ ಅಲ್ಲಿನ ನಾಲ್ಕು ವರ್ಷದ ಪದವಿ ಸೇರಬಹುದು. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮಂಗಳೂರು, ಕಾರವಾರಗಳಲ್ಲೂ ಕೆಲಸ ಮಾಡುತ್ತಿದೆ. ವೈದ್ಯ, ಎಂಜಿನಿಯರ್ ಎಂಬ ಎರಡೇ ದಡಗಳ ನಡುವೆ ಈಜುವ ಮನೆಗಳಲ್ಲಿ ಮೂರನೆಯ ದಡವೊಂದಿದೆ ಎಂದು ತಿಳಿಯುವುದೂ ಸಣ್ಣ ಲಾಭವಲ್ಲ.

ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದ ಸೀಮೆಯಲ್ಲೇ ಎನ್ನುತ್ತಾರೆ. ನೇತ್ರಾವತಿ ಹತ್ತಿರದ ಅರಬ್ಬಿ ಸಮುದ್ರಕ್ಕೆ ಇಳಿದುಬಿಡುತ್ತಾಳೆ. ತುಂಗೆ ಭದ್ರೆಯರು ಮಾತ್ರ ಮಗ್ಗುಲಲ್ಲಿದ್ದ ಕಡಲಿಗೆ ಬೆನ್ನು ಮಾಡಿ, ಬಯಲುಸೀಮೆಯ ಬಾಯಾರಿಕೆಗೆ ಓಗೊಟ್ಟು, ಬಳ್ಳಾರಿಯ ಕಡೆ ಬಂದವರು. ಅವರ ನೀರು ಕುಡಿದು ಬೆಳೆದ ಮಕ್ಕಳು ಅವರು ಬಿಟ್ಟುಬಂದ ಕಡಲನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿ ಬರಲಿ. ನೋಡಿ, ಹಿಡಿದು, ಅಳೆದು, ಒಂದನ್ನಾದರೂ ಒದ್ದೆಗೈಯಿಂದ ನೀರಿಗೆ ಮರಳಿಸಿ ಬರಲಿ.